ಡಾಂಗಲ್ ಮತ್ತೆ ಕೈಕೊಟ್ಟಿತೇ? ಸಣ್ಣ ಲಿನಕ್ಸ್ ಬೋರ್ಡ್‌ಗಳಲ್ಲಿ ಯುಎಸ್‌ಬಿ ವೈ-ಫೈ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಸ್ಪ್‌ಬೆರಿ ಪೈ ಮತ್ತು ಅದರಂಥ ಸಿಂಗಲ್ ಬೋರ್ಡ್ ಕಂಪ್ಯೂಟರ್‌ಗಳಿಗೆ ಯುಎಸ್‌ಬಿ ವೈ-ಫೈ ಡಾಂಗಲ್ ಸಿಕ್ಕಿಸಿ ಬೇಸತ್ತವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಆಜ್ಞೆಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಡಾಂಗಲ್ ದಿನವೂ ಕ್ರ್ಯಾಶ್ ಆಗುತ್ತಿದೆ. ಡ್ರೈವರ್ ಬದಲಿಸಿಬಿಡಲೇ?

ಈಗಲೇ ಬೇಡ. ‘ಕ್ರ್ಯಾಶ್’ ಎಂದು ಜನ ಕರೆಯುವುದು ನಾಲ್ಕು ಬೇರೆ ಬೇರೆ ತೊಂದರೆಗಳನ್ನು. ನಿಮ್ಮದು ಯಾವುದೆಂದು ಗೊತ್ತಾಗುವ ಮೊದಲೇ ಡ್ರೈವರ್‌ಗೆ (ಡಾಂಗಲ್ ಅನ್ನು ನಡೆಸುವ ತಂತ್ರಾಂಶಕ್ಕೆ) ಕೈ ಹಾಕಿದರೆ ಇದ್ದ ಒಂದು ಸಮಸ್ಯೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಸಂಪರ್ಕ ಹೋದ ಕೂಡಲೇ, ರೀಬೂಟ್ ಮಾಡದೆ, ಡಾಂಗಲ್ ಕಿತ್ತು ಹಾಕದೆ ಎರಡು ಸಂಗತಿ ನೋಡಿ. ‘ಐಪಿ ಲಿಂಕ್’ ಆಜ್ಞೆಯಲ್ಲಿ ಡಬ್ಲ್ಯೂಲ್ಯಾನ್0 (ಲಿನಕ್ಸ್ ವೈ-ಫೈಗೆ ಕೊಡುವ ಹೆಸರು) ಕಾಣುತ್ತಿದೆಯೇ? ‘ಎಲ್‌ಎಸ್‌ಯುಎಸ್‌ಬಿ’ ಪಟ್ಟಿಯಲ್ಲಿ ಡಾಂಗಲ್ ಇದೆಯೇ? ಎರಡೂ ಇದ್ದರೆ ನೆಟ್‌ವರ್ಕ್ ಮಾತ್ರ ಕಡಿದಿದೆ. ರೂಟರ್, ಸಿಗ್ನಲ್, ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಇವುಗಳನ್ನು ಅನುಮಾನಿಸಬೇಕು. ಎಲ್‌ಎಸ್‌ಯುಎಸ್‌ಬಿಯಲ್ಲಿ ಡಾಂಗಲ್ ಇದ್ದು ಡಬ್ಲ್ಯೂಲ್ಯಾನ್0 ಮಾಯವಾಗಿದ್ದರೆ ಡ್ರೈವರ್ ಅಥವಾ ಚಿಪ್‌ನ ಫರ್ಮ್‌ವೇರ್ (ಚಿಪ್‌ನ ಒಳಗೇ ಓಡುವ ತಂತ್ರಾಂಶ) ಸೋತಿದೆ. ಎರಡೂ ಕಾಣದಿದ್ದರೆ ಡಾಂಗಲ್ ಯುಎಸ್‌ಬಿ ಬಸ್ಸಿನಿಂದಲೇ, ಅಂದರೆ ಬೋರ್ಡಿಗೂ ಸಾಧನಗಳಿಗೂ ನಡುವಿನ ಸಂಪರ್ಕದಾರಿಯಿಂದಲೇ, ಬಿದ್ದಿದೆ. ಹೆಚ್ಚಾಗಿ ವಿದ್ಯುತ್ತು, ಕೇಬಲ್ ಅಥವಾ ಹಬ್ಬಿನ ಕಾರುಬಾರು. ಇಡೀ ಬೋರ್ಡ್ ಸ್ತಬ್ಧವಾದರೆ ಅಥವಾ ತಾನಾಗಿ ರೀಬೂಟ್ ಆದರೆ ಕೊನೆಯ ಭಾಗದ ಉತ್ತರ ನೋಡಿ.

ಲಾಗ್ ನೋಡಿ ಎನ್ನುತ್ತೀರಿ. ಅದರಲ್ಲಿ ಸಾವಿರ ಸಾಲುಗಳಿವೆ, ಯಾವುದನ್ನು ಓದಲಿ?

ಮೊದಲ ಕೆಟ್ಟ ಸಾಲನ್ನು ಓದಿ. ಬಹಳ ಜನ ಕೊನೆಯ ಸಾಲನ್ನು ಹಿಡಿದು ಹುಡುಕಾಡುತ್ತಾರೆ. ಅದು ಪರಿಣಾಮ, ಕಾರಣವಲ್ಲ. ಡಾಂಗಲ್ ಬಸ್ಸಿನಿಂದ ಬಿದ್ದ ಮೇಲೆ ಡ್ರೈವರ್ ಇಲ್ಲದ ಸಾಧನಕ್ಕೆ ಬರೆಯಲು ಹೋಗಿ ಸಾಲುಸಾಲಾಗಿ ಗೋಳಾಡುತ್ತದೆ, ನೋಡಿದವರಿಗೆ ಡ್ರೈವರ್‌ನದೇ ತಪ್ಪೆನಿಸುತ್ತದೆ.

ಒಂದು ಟರ್ಮಿನಲ್‌ನಲ್ಲಿ ಲಾಗ್ ತೋರಿಸುವ ‘ಡಿಮೆಸೇಜ್’ ಆಜ್ಞೆಯನ್ನು ಡಬ್ಲ್ಯೂ ಆಯ್ಕೆಯೊಡನೆ ಓಡಿಸಿ ಬಿಡಿ. ಹೊಸ ಸಾಲುಗಳು ಬಂದಂತೆ ಕಾಣುತ್ತವೆ. ಇನ್ನೊಂದರಲ್ಲಿ ದೊಡ್ಡ ಫೈಲ್ ಡೌನ್‌ಲೋಡ್ ಮಾಡಿ. ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂಬ ಸಾಲು ಮೊದಲು ಬಂದು, ವೈ-ಫೈ ಡ್ರೈವರ್‌ನ ದೂರುಗಳು ಆಮೇಲೆ ಬಂದರೆ ಡ್ರೈವರ್ ನಿರಪರಾಧಿ ಇರಬಹುದು. ಡ್ರೈವರ್‌ನ ಟೈಮ್‌ಔಟ್ ಸಾಲುಗಳೇ ಮೊದಲು ಬಂದು, ಬಹಳ ಹೊತ್ತಿನ ಮೇಲೆ ಡಿಸ್ಕನೆಕ್ಟ್ ಆದರೆ ವಿಚಾರಣೆ ಅದರದೇ.

ಇನ್ನೊಂದು ಸುಳಿವು ಎಲ್‌ಎಸ್‌ಯುಎಸ್‌ಬಿಯಲ್ಲೇ ಇದೆ, ಯಾರೂ ಗಮನಿಸುವುದಿಲ್ಲ. ಸಾಧನ ಬಸ್ಸಿನಿಂದ ಬಿದ್ದು ಮತ್ತೆ ಸೇರಿದಾಗಲೆಲ್ಲ ಕರ್ನಲ್ (ಲಿನಕ್ಸ್‌ನ ತಿರುಳು) ಅದಕ್ಕೆ ಹೊಸ ಸಂಖ್ಯೆ ಕೊಡುತ್ತದೆ. ಬೆಳಿಗ್ಗೆ ‘ಡಿವೈಸ್ 004’ ಎಂದಿದ್ದದ್ದು ಸಂಜೆ ‘ಡಿವೈಸ್ 037’ ಆಗಿದ್ದರೆ, ನಿಮಗೆ ತಿಳಿಯದಂತೆ ಅದು ಎಷ್ಟೋ ಸಲ ಬಿದ್ದೆದ್ದಿದೆ ಎಂದರ್ಥ. ಯಾರೂ ಕೈಯಿಂದ ಮುಟ್ಟದೆ ಆ ಸಂಖ್ಯೆ ಏರುತ್ತಿದ್ದರೆ ಡ್ರೈವರ್ ವಿಚಾರ ಬದಿಗಿಟ್ಟು ವಿದ್ಯುತ್ತಿನ ಕಡೆ ನಡೆಯಿರಿ.

‘ಎರರ್ ಮೈನಸ್ 71’, ‘ಮೈನಸ್ 110’ ಎಂದರೇನು?

ಇವು ಲಿನಕ್ಸ್‌ನ ಸಾಮಾನ್ಯ ದೋಷಸಂಖ್ಯೆಗಳು. ಮೈನಸ್ 71 ಎಂದರೆ ಪ್ರೋಟೊಕಾಲ್ ದೋಷ: ತಂತಿಯ ಮೇಲೆ ಬಂದ ಉತ್ತರ ಯುಎಸ್‌ಬಿ ನಿಯಮಕ್ಕೆ ಹೊಂದಲಿಲ್ಲ. ಸಡಿಲ ಕನೆಕ್ಟರ್, ಕಳಪೆ ಎಕ್ಸ್‌ಟೆನ್ಷನ್ ಕೇಬಲ್, ಕುಸಿದ ವೋಲ್ಟೇಜ್ ಇವು ಮೊದಲ ಶಂಕಿತರು. ಮೈನಸ್ 110 ಎಂದರೆ ಕೊಟ್ಟ ಅವಧಿಯಲ್ಲಿ ಉತ್ತರವೇ ಬರಲಿಲ್ಲ. ಚಿಪ್‌ನ ಒಳಗಿನ ಫರ್ಮ್‌ವೇರ್ ಸಿಕ್ಕಿಕೊಂಡಾಗಲೂ ವಿದ್ಯುತ್ತು ಸಾಲದಾದಾಗಲೂ ಇದು ಕಾಣುತ್ತದೆ. ಮೈನಸ್ 32ರಲ್ಲಿ ಸಾಧನವೇ ಕೋರಿಕೆಯನ್ನು ನಿರಾಕರಿಸಿದೆ. ಮೈನಸ್ 19 ಎಂದರೆ ಸಾಧನ ಅಲ್ಲಿ ಇಲ್ಲವೇ ಇಲ್ಲ. ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕೂ ಮೊದಲಿನ ಸಾಲಿಗೆ ಹೋಗಿ.

ರೀಬೂಟ್ ಆದ ಮೇಲೆ ಹಳೆಯ ಲಾಗ್ ಇರುವುದೇ ಇಲ್ಲವಲ್ಲ?

ಎಸ್‌ಡಿ ಕಾರ್ಡ್ ಸವೆಯಬಾರದೆಂದು ಅನೇಕ ಬೋರ್ಡ್‌ಗಳಲ್ಲಿ ಲಾಗ್ ಅನ್ನು ರ‍್ಯಾಮ್‌ನಲ್ಲೇ ಇಡುವ ಏರ್ಪಾಡಿರುತ್ತದೆ. ಲಾಗ್ ಕೂಡಿಡುವ ಜರ್ನಲ್‌ಡಿ ಸೇವೆಯ ಸಂರಚನೆಯಲ್ಲಿ ‘ಸ್ಟೋರೇಜ್’ ಅನ್ನು ‘ಪರ್ಸಿಸ್ಟೆಂಟ್’ ಎಂದು ಬದಲಿಸಿದರೆ ಅದು ಕಾರ್ಡಿನಲ್ಲಿ ಉಳಿಯುತ್ತದೆ. ಆಮೇಲೆ ‘ಜರ್ನಲ್‌ಸಿಟಿಎಲ್’ ಆಜ್ಞೆಗೆ ಕೆ ಮತ್ತು ಬಿ ಆಯ್ಕೆಗಳನ್ನೂ ಮೈನಸ್ 1 ಎಂಬ ಸಂಖ್ಯೆಯನ್ನೂ ಕೊಟ್ಟರೆ ಹಿಂದಿನ ಬೂಟ್‌ನ ಕರ್ನಲ್ ಸಾಲುಗಳು ಸಿಗುತ್ತವೆ.

ಗಡಿಯಾರದ ಬಗ್ಗೆ ಎಚ್ಚರ. ಹೆಚ್ಚಿನ ಸಣ್ಣ ಬೋರ್ಡ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ನೆಟ್‌ವರ್ಕ್ ಸಿಗುವವರೆಗೆ ಸಮಯ ಹಳೆಯದೇ ಆಗಿರುತ್ತದೆ, ಸಿಕ್ಕ ಕೂಡಲೇ ಮುಂದಕ್ಕೆ ಹಾರುತ್ತದೆ. ಲಾಗ್‌ನಲ್ಲಿ ಒಮ್ಮೆಗೇ ಮೂರು ದಿನ ಕಳೆದಂತೆ ಕಂಡರೆ ಗಾಬರಿ ಬೇಡ.

## ವಿದ್ಯುತ್ತು ಮತ್ತು ತಂತಿ

ನನ್ನ ಪವರ್ ಅಡಾಪ್ಟರ್ 3 ಆಂಪಿಯರ್‌ನದು. ಆದರೂ ವಿದ್ಯುತ್ತಿನ ದೋಷ ಎನ್ನುತ್ತೀರಾ?

ಎನ್ನುತ್ತೇನೆ, ಏಕೆಂದರೆ ಅಡಾಪ್ಟರ್‌ಗೂ ಬೋರ್ಡಿಗೂ ನಡುವೆ ಒಂದು ಕೇಬಲ್ ಇದೆ. ಲೆಕ್ಕ ಹಾಕೋಣ. 28 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧ. ಕರೆಂಟ್ ಹೋಗಿ ಹಿಂದಿರುಗಬೇಕಾದ್ದರಿಂದ ಒಂದು ಮೀಟರ್ ಕೇಬಲ್ ಎಂದರೆ 0.42 ಓಮ್. ಬೋರ್ಡೂ ಡಾಂಗಲೂ ಸೇರಿ 1.2 ಆಂಪಿಯರ್ ಎಳೆದಾಗ ತಂತಿಯಲ್ಲೇ ಅರ್ಧ ವೋಲ್ಟ್ ಕರಗುತ್ತದೆ. 5.1 ವೋಲ್ಟ್ ಹೊರಟದ್ದು ಬೋರ್ಡ್ ತಲುಪುವಾಗ 4.6. ರಾಸ್ಪ್‌ಬೆರಿ ಪೈ ಕಡಿಮೆ ವೋಲ್ಟೇಜ್ ಎಂದು ಎಚ್ಚರಿಸುವ ಗಡಿ 4.63 ವೋಲ್ಟ್. ಅದೇ ಉದ್ದದ, ಇನ್ನೂ ದಪ್ಪನೆಯ 24 ಗೇಜ್ ಕೇಬಲ್‌ನಲ್ಲಿ ನಷ್ಟ 0.2 ವೋಲ್ಟ್ ಮಾತ್ರ. ಕನೆಕ್ಟರ್‌ಗಳ ನಷ್ಟವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಮೊಬೈಲ್ ಚಾರ್ಜ್ ಮಾಡಲು ಸಾಕಾಗುವ ತೆಳು ಕೇಬಲ್ ಇಲ್ಲಿ ಸಾಲದಿರುವುದು ಹೀಗೆ.

ಪೈ ಇದ್ದರೆ ಅದರ ‘ವಿಸಿಜೆನ್‌ಕಮಾಂಡ್’ ಆಜ್ಞೆಗೆ ‘ಗೆಟ್ ಥ್ರಾಟಲ್ಡ್’ ಕೇಳಿ. ಉತ್ತರ 0ಎಕ್ಸ್0 ಎಂದಿದ್ದರೆ ಬೂಟ್ ಆದಂದಿನಿಂದ ತೊಂದರೆಯಾಗಿಲ್ಲ. 0ಎಕ್ಸ್50000 ಎಂದರೆ ಎಂದೋ ಒಮ್ಮೆ ವೋಲ್ಟೇಜ್ ಕುಸಿದು ವೇಗ ತಗ್ಗಿಸಲಾಗಿತ್ತು; 0ಎಕ್ಸ್50005 ಎಂದರೆ ಈ ಕ್ಷಣವೂ ಕುಸಿದಿದೆ. ಡಾಂಗಲ್ ಬಿದ್ದ ಮೇಲೆ ಕೇಳಿದರೂ ಹಳೆಯ ಗುರುತು ರೀಬೂಟ್‌ವರೆಗೆ ಉಳಿದಿರುವುದು ದೊಡ್ಡ ಅನುಕೂಲ.

ಒಂದು ಯುಎಸ್‌ಬಿ ಪೋರ್ಟ್ ಎಷ್ಟು ಕರೆಂಟ್ ಕೊಡುತ್ತದೆ?

ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900. ಆದರೆ ಸಣ್ಣ ಬೋರ್ಡ್‌ಗಳಲ್ಲಿ ಎಲ್ಲ ಪೋರ್ಟ್‌ಗಳಿಗೂ ಸೇರಿ ಒಂದೇ ಮಿತಿ ಇರುತ್ತದೆ. ಪೈ 4ರಲ್ಲಿ ನಾಲ್ಕು ಪೋರ್ಟ್‌ಗಳಿಗೆ ಒಟ್ಟು 1.2 ಆಂಪಿಯರ್. ಪೈ 5ರಲ್ಲಿ 5 ಆಂಪಿಯರ್ ಕೊಡಬಲ್ಲ ಪವರ್ ಸಪ್ಲೈ ಸಿಕ್ಕಿದರೆ 1.6 ಆಂಪಿಯರ್, ಇಲ್ಲವಾದರೆ 600 ಮಿಲಿಆಂಪಿಯರ್ ಮಾತ್ರ. ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ತಿರುಗುತ್ತಿದ್ದರೆ ಡಾಂಗಲ್‌ಗೆ ಉಳಿಯುವುದು ಎಷ್ಟೆಂದು ನೀವೇ ಕಳೆದು ನೋಡಿ.

ಎಲ್‌ಎಸ್‌ಯುಎಸ್‌ಬಿಯ ವಿವರವಾದ ಪಟ್ಟಿಯಲ್ಲಿ ‘ಮ್ಯಾಕ್ಸ್‌ಪವರ್’ ಎಂದು ಕಾಣುವುದು ಡಾಂಗಲ್ ತಾನೇ ಹೇಳಿಕೊಂಡ ಸಂಖ್ಯೆ, ಅಳೆದದ್ದಲ್ಲ.

ಪವರ್ಡ್ ಹಬ್ ಕೊಂಡರೆ ಎಲ್ಲ ಸರಿಯಾಗುತ್ತದೆಯೇ?

ಬಹಳ ಸಲ ಆಗುತ್ತದೆ, ಹಬ್ ಒಳ್ಳೆಯದಾಗಿದ್ದರೆ. ಕೆಟ್ಟ ಹಬ್‌ಗಳು ಎರಡು ರೀತಿಯಲ್ಲಿ ಕಾಡುತ್ತವೆ. ಒಂದು, ಅವುಗಳ ಸ್ವಂತ ಅಡಾಪ್ಟರ್ ಎಷ್ಟು ದುರ್ಬಲವೆಂದರೆ ಬೋರ್ಡಿಗಿಂತ ಹೆಚ್ಚೇನೂ ಕೊಡುವುದಿಲ್ಲ. ಎರಡು, ಬೋರ್ಡಿನ ಕಡೆಗೆ ಹೋಗುವ ಯುಎಸ್‌ಬಿ ತಂತಿಯಲ್ಲೇ ವಿದ್ಯುತ್ತನ್ನು ಹಿಂದಕ್ಕೆ ಹರಿಸುತ್ತವೆ. ಪರೀಕ್ಷೆ ಸುಲಭ: ಬೋರ್ಡಿನ ಪವರ್ ಕೇಬಲ್ ತೆಗೆದು ಹಬ್ ಮಾತ್ರ ಆನ್ ಇಡಿ. ಬೋರ್ಡಿನ ಕೆಂಪು ದೀಪ ಮಿಣುಕಿದರೂ ಆ ಹಬ್ ಬೇಡ.

ಯುಎಸ್‌ಬಿ 3 ಪೋರ್ಟಿಗೆ ಹಾಕಿದರೆ ವೇಗ ಕುಸಿಯುತ್ತದೆ, ಯುಎಸ್‌ಬಿ 2ರಲ್ಲಿ ಸರಿ. ಏನಿದು ವಿಚಿತ್ರ?

ವಿಚಿತ್ರವಲ್ಲ, ರೇಡಿಯೋ ಗದ್ದಲ. ಯುಎಸ್‌ಬಿ 3.0ರ ದತ್ತಾಂಶ ಸಂಕೇತಗಳು ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲೂ ಗದ್ದಲ ಸೂಸುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಡಾಂಗಲ್‌ನ ಆಂಟೆನಾ ಆ ಪೋರ್ಟಿನ ಬಾಯಲ್ಲೇ ಕೂತಿರುತ್ತದೆ. ಪಕ್ಕದಲ್ಲಿ ಯುಎಸ್‌ಬಿ 3 ಡಿಸ್ಕ್ ಇದ್ದರಂತೂ ಕೇಳುವುದೇ ಬೇಡ. ಡಾಂಗಲ್ ಅನ್ನು ಯುಎಸ್‌ಬಿ 2 ಪೋರ್ಟಿಗೆ ಸರಿಸಿ, ಇಲ್ಲವೇ ಗಟ್ಟಿಯಾದ ಸಣ್ಣ ಎಕ್ಸ್‌ಟೆನ್ಷನ್ ಕೇಬಲ್‌ನಿಂದ ಬೋರ್ಡಿನಿಂದ ದೂರವಿಡಿ, ಅಥವಾ 5 ಗಿಗಾಹರ್ಟ್ಸ್ ಬಳಸಿ.

ಕೆಲಸ ಮಾಡುವಾಗ ಸರಿಯಿರುತ್ತದೆ, ಸುಮ್ಮನೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಸತ್ತು ಹೋಗುತ್ತದೆ!

ವಿದ್ಯುತ್ ಉಳಿತಾಯದ ಲಕ್ಷಣವಿದು. ಡಾಂಗಲ್ ನಿದ್ದೆಗೆ ಜಾರಿ ಎಚ್ಚರಗೊಳ್ಳುತ್ತಿಲ್ಲ. ‘ಐಡಬ್ಲ್ಯೂ’ ಆಜ್ಞೆಯಿಂದ ಡಬ್ಲ್ಯೂಲ್ಯಾನ್0ರ ‘ಪವರ್ ಸೇವ್’ ಅನ್ನು ಆಫ್ ಮಾಡಿ ಒಂದು ದಿನ ಬಿಡಿ. ಗುಣ ಕಂಡರೆ ಅದನ್ನು ಶಾಶ್ವತ ಮಾಡಿ: ನೆಟ್‌ವರ್ಕ್ ಮ್ಯಾನೇಜರ್ ಬಳಸುವವರು ಅದರ ಸಂರಚನೆಯಲ್ಲಿ ವೈ-ಫೈ ಪವರ್‌ಸೇವ್‌ಗೆ 2 ಎಂಬ ಬೆಲೆ ಕೊಡಬೇಕು. 2 ಎಂದರೆ ಬೇಡ, 3 ಎಂದರೆ ಬೇಕು. 0 ಎಂದು ಬರೆದು ಆಫ್ ಆಯಿತೆಂದುಕೊಳ್ಳುವವರೇ ಹೆಚ್ಚು.

ಕೆಲವು ರಿಯಲ್‌ಟೆಕ್ ಡ್ರೈವರ್‌ಗಳು ಐಡಬ್ಲ್ಯೂ ಮಾತಿಗೆ ಕಿವಿಗೊಡುವುದಿಲ್ಲ. ಹಳೆಯ 8192ಸಿಯು ಡ್ರೈವರ್‌ಗೆ ‘ಪವರ್ ಮ್ಯಾನೇಜ್‌ಮೆಂಟ್’ ಮತ್ತು ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎರಡನ್ನೂ ಮಾಡ್ಯೂಲ್ (ಕರ್ನಲ್‌ಗೆ ಸೇರಿಸಿ ತೆಗೆಯಬಹುದಾದ ಡ್ರೈವರ್ ತುಣುಕು) ಆಯ್ಕೆಗಳಾಗಿಯೇ ಸೊನ್ನೆ ಮಾಡಬೇಕು. ಇದಲ್ಲದೆ ಕರ್ನಲ್‌ಗೆ ತನ್ನದೇ ಆಟೊಸಸ್ಪೆಂಡ್ ಇದೆ. ಬೂಟ್ ಸಾಲಿನಲ್ಲಿ ‘ಯುಎಸ್‌ಬಿಕೋರ್’ನ ಆಟೊಸಸ್ಪೆಂಡ್‌ಗೆ ಮೈನಸ್ 1 ಕೊಟ್ಟರೆ ಅದು ನಿಲ್ಲುತ್ತದೆ. ಬ್ಯಾಟರಿ ಉಳಿಸುವ ಉಪಕರಣಗಳನ್ನು ಬೋರ್ಡಿನಲ್ಲಿ ಹಾಕಿಕೊಂಡಿದ್ದರೆ ಅವು ಇದನ್ನು ಸದ್ದಿಲ್ಲದೆ ಮತ್ತೆ ಆನ್ ಮಾಡುತ್ತವೆ.

## ಚಿಪ್ ಮತ್ತು ಡ್ರೈವರ್

ಡಬ್ಬಿಯ ಮೇಲೆ ‘ಲಿನಕ್ಸ್‌ಗೆ ಹೊಂದುತ್ತದೆ’ ಎಂದಿದೆ. ಮತ್ತೇಕೆ ತೊಂದರೆ?

ಡಬ್ಬಿಯ ಮಾತನ್ನು ನಂಬಬೇಡಿ, ಒಳಗಿನ ಚಿಪ್ ನೋಡಿ. ಒಂದೇ ಹೆಸರು, ಒಂದೇ ಮಾದರಿ ಸಂಖ್ಯೆಯ ಡಾಂಗಲ್‌ನ ಎರಡನೆಯ ಆವೃತ್ತಿಯಲ್ಲಿ ಬೇರೆಯೇ ಕಂಪನಿಯ ಚಿಪ್ ಇರುವುದು ಈ ಮಾರುಕಟ್ಟೆಯಲ್ಲಿ ಮಾಮೂಲು. ಎಲ್‌ಎಸ್‌ಯುಎಸ್‌ಬಿ ಕೊಡುವ ಎರಡು ಭಾಗಗಳ ಗುರುತು ಸಂಖ್ಯೆಯೇ ನಿಜವಾದ ಹೆಸರು. ‘ಲಿನಕ್ಸ್ ಬೆಂಬಲ’ ಎಂದರೆ ಹಲವು ಸಲ ಯಾವುದೋ ಹಳೆಯ ಕರ್ನಲ್‌ಗೆ ಬರೆದು ಕೈಬಿಟ್ಟ ಸೋರ್ಸ್ ಕೋಡ್‌ನ ಜಿಪ್ ಫೈಲ್, ಅಷ್ಟೆ.

ಹೊಸದಾಗಿ ಕೊಳ್ಳುವುದಾದರೆ ಯಾವ ಚಿಪ್ ಒಳ್ಳೆಯದು?

ಕರ್ನಲ್‌ನ ಒಳಗೇ ಡ್ರೈವರ್ ಇರುವ ಚಿಪ್. ಇದೊಂದು ನಿಯಮ ಪಾಲಿಸಿದರೆ ಈ ಪುಟದ ಅರ್ಧ ಓದಬೇಕಾಗುವುದಿಲ್ಲ.

2.4 ಗಿಗಾಹರ್ಟ್ಸ್ ಸಾಕೆನ್ನುವವರಿಗೆ ಆಥೆರೋಸ್ ಎಆರ್9271 ಮತ್ತು ರಾಲಿಂಕ್ ಆರ್‌ಟಿ5370 ಹಳೆಯವಾದರೂ ನೆಚ್ಚಬಹುದಾದವು. 2.4, 5 ಗಿಗಾಹರ್ಟ್ಸ್ ಎರಡೂ ಬೇಕಿದ್ದರೆ ಮೀಡಿಯಾಟೆಕ್ ಎಂಟಿ7612ಯು ನನ್ನ ಮೊದಲ ಆಯ್ಕೆ; ಅದರ ಡ್ರೈವರ್ 4.19ನೇ ಕರ್ನಲ್‌ನಿಂದಲೂ ಒಳಗಿದೆ. ವೈ-ಫೈ 6 ಬೇಕಾದರೆ ಎಂಟಿ7921ಎಯು, ಆದರೆ 5.18 ಅಥವಾ ಅದಕ್ಕಿಂತ ಹೊಸ ಕರ್ನಲ್ ಬೇಕು. ರಿಯಲ್‌ಟೆಕ್‌ನ 8822ಬಿಯು, 8821ಸಿಯು ಮುಂತಾದವುಗಳಿಗೆ 6.2ನೇ ಕರ್ನಲ್‌ನಲ್ಲಿ ಒಳಗಿನ ಬೆಂಬಲ ಬಂದಿತು. ರಿಯಲ್‌ಟೆಕ್ ಎಂದರೆ ಮೂಗು ಮುರಿಯುವ ಅಭ್ಯಾಸ ಹೊರಗಿನ ಡ್ರೈವರ್‌ಗಳ ಕಾಲದ್ದು. ಹೊಸ ಕರ್ನಲ್ ಇರುವವರು ಒಮ್ಮೆ ಮರುಪರಿಶೀಲಿಸಬಹುದು.

ಡಾಂಗಲ್ ಹಾಕಿದರೆ ಸಿಡಿ ಡ್ರೈವ್ ಎಂದು ತೋರಿಸುತ್ತದೆ!

ವಿಂಡೋಸ್ ಬಳಕೆದಾರರಿಗೆ ಡ್ರೈವರ್ ಕೊಡಲೆಂದು ಕೆಲವು ಡಾಂಗಲ್‌ಗಳು ಮೊದಲು ಡಿಸ್ಕ್ ವೇಷದಲ್ಲಿ ಬರುತ್ತವೆ. ರಿಯಲ್‌ಟೆಕ್‌ನವುಗಳಲ್ಲಿ ಆಗ ಕಾಣುವ ಗುರುತು 0ಬಿಡಿಎ:1ಎ2ಬಿ. ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ಯಾಕೇಜ್ ಹಾಕಿದರೆ ಅದು ವೇಷ ಕಳಚಿಸಿ ನಿಜರೂಪಕ್ಕೆ ತರುತ್ತದೆ. ನಡುವೆ ಬಸ್ಸಿನಿಂದ ಬಿದ್ದು ಮತ್ತೆ ಸೇರಿದಾಗ ಡಾಂಗಲ್ ಪುನಃ ಡಿಸ್ಕ್ ಆಗುವುದರಿಂದ, ‘ಇಂದು ಬೆಳಿಗ್ಗೆಯಿಂದ ಸಿಡಿ ಆಗಿಬಿಟ್ಟಿದೆ’ ಎಂಬ ದೂರಿನ ಹಿಂದೆಯೂ ವಿದ್ಯುತ್ತಿನ ಸಮಸ್ಯೆ ಅಡಗಿರಬಹುದು.

ಸಿಸ್ಟಂ ಅಪ್‌ಡೇಟ್ ಮಾಡಿದೆ, ವೈ-ಫೈ ಹೋಯಿತು.

ಹೊರಗಿನ ಡ್ರೈವರ್ ಹಾಕಿಕೊಂಡಿದ್ದೀರಿ. ಅಂಥ ಮಾಡ್ಯೂಲ್ ಅದನ್ನು ಕಟ್ಟಿದ ಕರ್ನಲ್‌ಗೆ ಮಾತ್ರ ಒಪ್ಪುತ್ತದೆ. ಹೊರಗಿನ ಮಾಡ್ಯೂಲ್‌ಗಳನ್ನು ನೋಡಿಕೊಳ್ಳುವ ‘ಡಿಕೆಎಂಎಸ್’ ಮೂಲಕ ಹಾಕಿದ್ದರೆ ಹೊಸ ಕರ್ನಲ್ ಬಂದಾಗ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಕಟ್ಟಲು ಬೇಕಾದ ಆ ಕರ್ನಲ್‌ನ ಹೆಡರ್ ಫೈಲ್‌ಗಳೂ ಬಂದಿರಬೇಕು.

ಹೆಡರ್ ಇದ್ದೂ ಕಟ್ಟಲು ಆಗದಿದ್ದರೆ ಪೈ 4 ಬಳಸುವವರು ಒಂದು ಸಂಗತಿ ನೋಡಬೇಕು. 32 ಬಿಟ್ ವ್ಯವಸ್ಥೆ ಹಾಕಿದ್ದರೂ ಈಚಿನ ಫರ್ಮ್‌ವೇರ್ 64 ಬಿಟ್ ಕರ್ನಲ್ಲನ್ನೇ ಬೂಟ್ ಮಾಡುತ್ತದೆ. ‘ಯುನೇಮ್’ ಎಂ ಆಯ್ಕೆಗೆ ‘ಎಆರ್ಚ್64’ ಎನ್ನುತ್ತದೆ, ಪ್ಯಾಕೇಜ್ ವ್ಯವಸ್ಥೆ ‘ಆರ್ಮ್‌ಹೆಚ್‌ಎಫ್’ ಎನ್ನುತ್ತದೆ. ಕಂಪೈಲರ್ ನಡುವೆ ಕಂಗಾಲು. ಕಾನ್ಫಿಗ್ ಫೈಲಿನಲ್ಲಿ ‘ಆರ್ಮ್ 64 ಬಿಟ್’ಗೆ 0 ಕೊಟ್ಟು ರೀಬೂಟ್ ಮಾಡಿ, ಅಥವಾ ಪೂರ್ತಿ 64 ಬಿಟ್ ವ್ಯವಸ್ಥೆಗೆ ಹೋಗಿ. ಎರಡನೆಯದೇ ಮೇಲು.

ಪ್ರತಿ ಬೂಟ್‌ಗೂ ಡಬ್ಲ್ಯೂಲ್ಯಾನ್0, ಡಬ್ಲ್ಯೂಲ್ಯಾನ್1 ಅದಲುಬದಲಾಗುತ್ತವೆ.

ಬೋರ್ಡಿನದೇ ವೈ-ಫೈ ಮತ್ತು ಡಾಂಗಲ್ ಯಾವುದು ಮೊದಲು ಎದ್ದಿತೋ ಅದಕ್ಕೆ 0. ಬೋರ್ಡಿನ ವೈ-ಫೈ ಬೇಡವಾದರೆ ಪೈನಲ್ಲಿ ‘ಡಿಸೇಬಲ್ ವೈಫೈ’ ಓವರ್‌ಲೇಯನ್ನು (ಬೂಟ್ ಆಗುವಾಗ ಓದುವ ಸೆಟ್ಟಿಂಗ್) ಕಾನ್ಫಿಗ್ ಫೈಲಿಗೆ ಹಾಕಿ. ಎರಡೂ ಬೇಕಿದ್ದರೆ ಮ್ಯಾಕ್ ವಿಳಾಸದ ಆಧಾರದ ಮೇಲೆ ಸ್ಥಿರ ಹೆಸರು ಕೊಡಿ.

## ಇನ್ನೂ ಆಳಕ್ಕೆ

ಡಾಂಗಲ್ ಜೊತೆ ಇಡೀ ಬೋರ್ಡ್ ಸ್ತಬ್ಧವಾಗುತ್ತದೆ. ಲಾಗ್‌ನಲ್ಲೂ ಏನೂ ಇರುವುದಿಲ್ಲ.

ಕರ್ನಲ್ ಕುಸಿದಾಗ ಕೊನೆಯ ಸಾಲುಗಳನ್ನು ಕಾರ್ಡಿಗೆ ಬರೆಯಲು ಅದಕ್ಕೆ ಸಮಯ ಸಿಗುವುದಿಲ್ಲ. ಆ ಸಾಲುಗಳನ್ನು ಹೊರಗೆ ಹಿಡಿಯಬೇಕು. ಸೀರಿಯಲ್ ಕನ್ಸೋಲ್ ಅತ್ಯುತ್ತಮ: ಯುಎಸ್‌ಬಿ-ಸೀರಿಯಲ್ ಕೇಬಲ್‌ನ ಇನ್ನೊಂದು ತುದಿ ಬೇರೆ ಕಂಪ್ಯೂಟರ್‌ಗೆ, ವೇಗ 115200. ಪೈ ಪಿನ್‌ಗಳು 3.3 ವೋಲ್ಟಿನವು, 5 ವೋಲ್ಟ್ ಕೇಬಲ್ ಹಾಕಿ ಸುಡಬೇಡಿ. ಈಥರ್ನೆಟ್ ಇದ್ದರೆ ‘ನೆಟ್‌ಕನ್ಸೋಲ್’ ಮಾಡ್ಯೂಲ್ ಕರ್ನಲ್ ಸಾಲುಗಳನ್ನು ಯುಡಿಪಿ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುತ್ತದೆ.

ಕರ್ನಲ್ ಕುಸಿಯುವಾಗ ಬರೆಯುವ ‘ಊಪ್ಸ್’ ವರದಿ ಸಿಕ್ಕರೆ ಅದರಲ್ಲಿ ಎರಡು ಕಡೆ ಕಣ್ಣಿಡಿ. ‘ಟೈಂಟೆಡ್’ ಎಂಬ ಪದದ ಮುಂದೆ ಓ ಅಕ್ಷರವಿದ್ದರೆ ಹೊರಗಿನ ಮಾಡ್ಯೂಲ್ ಒಂದು ಲೋಡ್ ಆಗಿದೆ; ಸಿ ಇದ್ದರೆ ಇನ್ನೂ ಪಕ್ವವಾಗದ ‘ಸ್ಟೇಜಿಂಗ್’ ಡ್ರೈವರ್. ಕರೆಗಳ ಪಟ್ಟಿಯಲ್ಲಿ ಚೌಕ ಆವರಣದೊಳಗೆ ನಿಮ್ಮ ವೈ-ಫೈ ಮಾಡ್ಯೂಲ್‌ನ ಹೆಸರು ಮೇಲ್ಭಾಗದಲ್ಲೇ ಕಂಡರೆ ಡ್ರೈವರ್ ಬದಲಿಸುವ ಕಾಲ ಈಗ ನಿಜಕ್ಕೂ ಬಂದಿದೆ. ಏನೂ ಸಿಗದೆ ಬೋರ್ಡ್ ಸುಮ್ಮನೆ ರೀಬೂಟ್ ಆಗುತ್ತಿದ್ದರೆ ಅದು ಮತ್ತೆ ವಿದ್ಯುತ್ತೇ.

ಹಳೆಯ ಪೈನಲ್ಲಿ ಈಥರ್ನೆಟ್ ಬಳಸಿದಾಗಲೇ ಡಾಂಗಲ್ ಎಡವುತ್ತದೆ. ಕಾಕತಾಳೀಯವೇ?

ಅಲ್ಲ. ಪೈ 3ರವರೆಗಿನ ಬಿ ಮಾದರಿಗಳಲ್ಲಿ ಈಥರ್ನೆಟ್ ಕೂಡ ಯುಎಸ್‌ಬಿ ಮೇಲೆಯೇ ಕೂತಿದೆ. ಎಲ್ಲ ಪೋರ್ಟ್‌ಗಳೂ ಅದೂ ಸೇರಿ ಪ್ರೊಸೆಸರ್‌ಗೆ ಹೋಗುವುದು ಒಂದೇ ಯುಎಸ್‌ಬಿ 2.0 ದಾರಿಯಲ್ಲಿ. ಪೈ 4ರಲ್ಲಿ ಈಥರ್ನೆಟ್ ಬೇರೆಯಾಯಿತು, ಯುಎಸ್‌ಬಿ ಪೋರ್ಟ್‌ಗಳಿಗೆ ಪಿಸಿಐಇ ಮೇಲೆ ಪ್ರತ್ಯೇಕ ಕಂಟ್ರೋಲರ್ ಬಂದಿತು.

ಬೋರ್ಡನ್ನು ಹಾಟ್‌ಸ್ಪಾಟ್ ಮಾಡಿದರೆ ಮಾತ್ರ ಕೆಡುತ್ತದೆ. ಮಾಮೂಲಿ ಬಳಕೆಯಲ್ಲಿ ಸರಿಯಿದೆ.

‘ಐಡಬ್ಲ್ಯೂ ಲಿಸ್ಟ್’ ಕೊಡುವ ಉದ್ದನೆಯ ವಿವರದಲ್ಲಿ ಬೆಂಬಲಿತ ಮೋಡ್‌ಗಳ ಕೆಳಗೆ ‘ಎಪಿ’ (ಆಕ್ಸೆಸ್ ಪಾಯಿಂಟ್, ಅಂದರೆ ಹಾಟ್‌ಸ್ಪಾಟ್ ಆಗುವ ಮೋಡ್) ಇದೆಯೇ ನೋಡಿ. ಇದ್ದರೂ, ಒಂದೇ ಡಾಂಗಲ್ ರೂಟರ್‌ಗೂ ಅಂಟಿಕೊಂಡು ಹಾಟ್‌ಸ್ಪಾಟನ್ನೂ ನಡೆಸಬೇಕೆಂದರೆ ಅದೇ ವಿವರದ ಕೊನೆಯ ‘ಕಾಂಬಿನೇಷನ್ಸ್’ ಭಾಗ ಓದಬೇಕು. ಅಲ್ಲಿ ಚಾನೆಲ್ ಸಂಖ್ಯೆ 1 ಎಂದಿದ್ದರೆ ಎರಡೂ ಕೆಲಸ ಒಂದೇ ಚಾನೆಲ್‌ನಲ್ಲಿ ನಡೆಯಬೇಕು. ರೂಟರ್ ಚಾನೆಲ್ ಬದಲಿಸಿದ ಕ್ಷಣ ನಿಮ್ಮ ಹಾಟ್‌ಸ್ಪಾಟ್ ಕುಸಿಯುವುದಕ್ಕೆ ಕಾರಣ ಇದು. ರೂಟರ್‌ನಲ್ಲಿ ಚಾನೆಲ್ ಸ್ಥಿರಗೊಳಿಸಿ ಅಥವಾ ಒಂದು ಕೆಲಸವನ್ನು ಬೋರ್ಡಿನ ಒಳಗಿನ ವೈ-ಫೈಗೆ ಒಪ್ಪಿಸಿ.

ಬಿದ್ದಾಗ ತಾನಾಗಿ ಎದ್ದೇಳುವಂತೆ ಸ್ಕ್ರಿಪ್ಟ್ ಬರೆದರೆ ಸಾಲದೇ?

ದೂರದ ಜಾಗದಲ್ಲಿ ಇಟ್ಟ ಬೋರ್ಡಿಗೆ ಬೇಕೇ ಬೇಕು, ಆದರೆ ಕಾರಣ ಹುಡುಕಿದ ಮೇಲೆ. ಸ್ಕ್ರಿಪ್ಟ್ ಪರೀಕ್ಷಿಸಬೇಕಾದದ್ದು ರೂಟರ್‌ನ ವಿಳಾಸವನ್ನು. ಹೊರಗಿನ ತಾಣವನ್ನು ಪರೀಕ್ಷಿಸಿದರೆ ಇಂಟರ್ನೆಟ್ ಸಂಪರ್ಕ ಹೋದಾಗಲೆಲ್ಲ ನಿರಪರಾಧಿ ಡಾಂಗಲ್ ಪೆಟ್ಟು ತಿನ್ನುತ್ತದೆ. ಉಪಚಾರ ಹಗುರದಿಂದ ಶುರುವಾಗಲಿ: ಮೊದಲು ಸಂಪರ್ಕ ಮರುಸ್ಥಾಪನೆ, ಆಮೇಲೆ ಮಾಡ್ಯೂಲ್ ತೆಗೆದು ಹಾಕುವುದು, ಅದಕ್ಕೂ ಬಗ್ಗದಿದ್ದರೆ ಕರ್ನಲ್ ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ‘ಅನ್‌ಬೈಂಡ್’ ಮತ್ತು ‘ಬೈಂಡ್’ ಮೂಲಕ ಯುಎಸ್‌ಬಿ ಸಾಧನವನ್ನು ಬಿಡಿಸಿ ಕಟ್ಟುವುದು. ಚಿಪ್‌ನ ಫರ್ಮ್‌ವೇರ್ ಸಿಕ್ಕಿಕೊಂಡಿದ್ದರೆ ಇದಾವುದೂ ನಾಟುವುದಿಲ್ಲ, ಪೋರ್ಟ್‌ನ ವಿದ್ಯುತ್ತನ್ನೇ ತೆಗೆದು ಕೊಡಬೇಕು. ‘ಯುಹಬ್‌ಸಿಟಿಎಲ್’ ಅದನ್ನು ಮಾಡುತ್ತದೆ. ಅನೇಕ ಬೋರ್ಡ್‌ಗಳಲ್ಲಿ ಎಲ್ಲ ಪೋರ್ಟ್‌ಗಳೂ ಒಟ್ಟಿಗೆ ಆರುತ್ತವೆ. ರೂಟ್ ಫೈಲ್ ವ್ಯವಸ್ಥೆ ಯುಎಸ್‌ಬಿ ಡಿಸ್ಕಿನಲ್ಲಿ ಇರುವವರು ಇದರ ಹತ್ತಿರ ಸುಳಿಯಬಾರದು.

ಪ್ರತಿ ಹಂತಕ್ಕೂ ಮೊದಲು ಡಿಮೆಸೇಜ್‌ನ ಕೊನೆಯ ಇನ್ನೂರು ಸಾಲುಗಳನ್ನು ಒಂದು ಫೈಲಿಗೆ ಬರೆಯುವಂತೆ ಸ್ಕ್ರಿಪ್ಟ್‌ಗೆ ಹೇಳಿ. ಇಲ್ಲವಾದರೆ ಎಬ್ಬಿಸುವ ಗದ್ದಲದಲ್ಲೇ ಸಾಕ್ಷ್ಯ ಅಳಿಸಿಹೋಗುತ್ತದೆ.

ದೋಷ ವರದಿ ಬರೆಯುವಾಗ ಏನೇನು ಕೊಡಬೇಕು?

ಬೋರ್ಡಿನ ಮಾದರಿ, ಕರ್ನಲ್ ಆವೃತ್ತಿ, ಎಲ್‌ಎಸ್‌ಯುಎಸ್‌ಬಿಯ ಗುರುತು ಸಂಖ್ಯೆ, ಯಾವ ಮಾಡ್ಯೂಲ್ ಲೋಡ್ ಆಗಿದೆ ಎಂಬುದು, ಮತ್ತು ಮೊದಲ ಕೆಟ್ಟ ಸಾಲಿಗೆ ಅರ್ಧ ನಿಮಿಷ ಮೊದಲಿನಿಂದ ಶುರುವಾಗುವ ಲಾಗ್. ಫೋಟೋ ತೆಗೆದು ಕಳಿಸಬೇಡಿ, ಪಠ್ಯವನ್ನೇ ಕೊಡಿ. ಬೇರೆ ಪವರ್ ಸಪ್ಲೈ, ಬೇರೆ ಪೋರ್ಟ್‌ನಲ್ಲಿ ಪರೀಕ್ಷಿಸಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಬರೆಯಿರಿ. ಡ್ರೈವರ್ ಬರೆಯುವವರು ಕೇಳುವ ಮೊದಲ ಪ್ರಶ್ನೆ ಅದೇ.